ಶೇಖವ್ವನ ಹಸಿರು ಸೈಕಲ್ಲು

ಹಳೆಯ ಸೈಕಲ್ಲು ಸಿಕ್ಕರೆ ಈ ಮನುಷ್ಯನಿಗೆ ಹಸಿವೆಯೇ ಆಗುವುದಿಲ್ಲ ಎಂದು ಸುಗ್ರಾಬಿ ಮದುವೆಯಾದ ಹೊಸದರಲ್ಲೇ ತವರಿಗೆ ಹೇಳಿ ಕಳಿಸಿದ್ದಳು. ಅದರಲ್ಲಿ ದೂರು ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು.

ಅವಳ ಗಂಡ ಅಲ್ಲಾಸಾಬನ ಸೈಕಲ್ ಅಂಗಡಿ ಇರುವುದು ಬೆಟಗೇರಿಯಲ್ಲಿ, ನೇಕಾರರ ಓಣಿಯ ತುದಿಗೆ. ಹೊಟ್ಟೆಪಾಡಿಗೆ ಪಂಕ್ಚರು, ಬ್ರೇಕು, ಶಾಲೆಯ ಹುಡುಗಿಯರ ಸೈಕಲ್ಲಿನ ಕಳಚಿದ ಚೈನು. ಅವನ ಜೀವ ಇದ್ದದ್ದು ಮಾತ್ರ ಬೇರೆ ಕಡೆ. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು, ಯಾರ್ಯಾರನ್ನೋ ಹೊತ್ತು ತಿರುಗಿ, ಈಗ ಹಿತ್ತಲಲ್ಲೋ ದನದ ಕೊಟ್ಟಿಗೆಯಲ್ಲೋ ತುಕ್ಕು ಹಿಡಿದು ಬಿದ್ದಿರುವ ಮೂರು ಗೇರಿನ ಸೈಕಲ್ಲುಗಳಲ್ಲಿ. ಅವುಗಳ ಗೇರು ಹೊರಗೆ ಕಾಣುವುದಿಲ್ಲ. ಹಿಂದಿನ ಗಾಲಿಯ ನಡುವಿನ ದಪ್ಪ ಹಬ್ಬಿನೊಳಗೆ ಹಲ್ಲುಚಕ್ರಗಳೆಲ್ಲ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತವೆ. ಹ್ಯಾಂಡಲ್ಲಿನ ಮೇಲಿನ ಪುಟ್ಟ ಹಿಡಿಯನ್ನು ಬೆರಳಿನಿಂದ ಸರಿಸಿದರೆ ಏರಿನಲ್ಲಿ ಹಗುರ, ಬಯಲಿನಲ್ಲಿ ಬಿರುಸು. ಸತ್ತುಹೋಗಿದೆ ಎಂದು ಮಂದಿ ಗುಜರಿಗೆ ಹಾಕಲು ಹೊರಟಿದ್ದ ಇಂಥ ಎಷ್ಟೋ ಗಾಡಿಗಳನ್ನು ಅಲ್ಲಾಸಾಬ ಎಬ್ಬಿಸಿ ನಿಲ್ಲಿಸಿದ್ದ.

ಪ್ರಮೋದ ಅವನಿಗೆ ಸಿಕ್ಕಿದ್ದೂ ಹೀಗೇ. ಗದಗಿನ ಮಾರ್ತಾಂಡ ಮಾಸ್ತರರ ಮಗ, ಸರಕಾರಿ ಕಚೇರಿಯಲ್ಲಿ ನೌಕರಿ. ಒಂದು ದಿನ ತನ್ನ ಅಜ್ಜನ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಬಂದ. ಗಾಡಿ ಓಡಿದ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಓದುವ ಹುಚ್ಚು ಅವನದು. ಹಬ್ಬಿನ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ ತೋರಿಸಿದವನು ಅವನೇ.

"ಕಾಕಾ, ಇಲ್ಲಿ ನೋಡ್ರಿ, ಅಂಕಿ ಅದ. ಇದು ಹುಟ್ಟಿದ ವರ್ಷ, ಇದು ತಿಂಗಳು."

ಅಷ್ಟು ವರ್ಷ ಆ ಅಂಕಿಗಳನ್ನು ಅಲ್ಲಾಸಾಬ ಸಾಮಾನಿನ ಅಳತೆ ಎಂದುಕೊಂಡಿದ್ದ. ಸೈಕಲ್ಲುಗಳ ಎಲುಬು ನರ ಎಲ್ಲ ಬಲ್ಲ ಅವನಿಗೆ ಅವುಗಳ ವಯಸ್ಸು ಗೊತ್ತಿರಲಿಲ್ಲ. ಅವತ್ತು ಅಂಗಡಿಯಲ್ಲಿ ಬಿದ್ದಿದ್ದ ಹಬ್ಬುಗಳನ್ನೆಲ್ಲ ಒರೆಸಿ ಒರೆಸಿ ಓದಿದ.

ಅಲ್ಲಿಂದ ಮುಂದೆ ರವಿವಾರ ಬಂತೆಂದರೆ ಇಬ್ಬರೂ ಪ್ರಮೋದನ ಮೋಟರ್‌ಬೈಕಿನ ಮೇಲೆ ಹೊರಡುವರು. ಹೊಂಬಳ, ಅಡರಕಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ. ಬಣವೆಯ ಸಂದಿಯಲ್ಲಿ ಒಂದು ಮಡ್‌ಗಾರ್ಡು ಕಂಡರೂ ಗಾಡಿ ನಿಲ್ಲುತ್ತಿತ್ತು. ಮನೆಯವರು ಕೊಡುತ್ತೇನೆಂದರೆ ಕೊಳ್ಳುವುದು, ಇಲ್ಲವೆಂದರೆ ರಿಪೇರಿ ಮಾಡಿ ಅವರಿಗೇ ಬಿಟ್ಟುಬರುವುದು. ಇದು ಇಬ್ಬರೂ ಬಾಯಿಬಿಟ್ಟು ಆಡದೆಯೇ ಪಾಲಿಸಿದ ನೇಮ. ಸುಗ್ರಾಬಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆದಾಗ ಪ್ರಮೋದ ರಜೆ ಹಾಕಿ ದವಾಖಾನೆಯಲ್ಲಿ ಕೂತಿದ್ದ. ಹೆತ್ತ ಮಗ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ ಎಂದು ಅಲ್ಲಾಸಾಬ ಕಂಡವರಿಗೆಲ್ಲ ಹೇಳುತ್ತಿದ್ದ.

ಹಿರೇವಡ್ಡಟ್ಟಿಯ ಮುದುಕಿ ಶೇಖವ್ವನ ಹತ್ತಿರ ಇಂಥದೊಂದು ಗಾಡಿ ಇದೆ ಎಂಬ ಸುದ್ದಿ ತಿಳಿದದ್ದು ಮುಂಡರಗಿಯ ಚಹಾದಂಗಡಿಯೊಂದರಲ್ಲಿ. ಪ್ರಮೋದನಿಗೆ ಅವತ್ತು ಕಚೇರಿ ಕೆಲಸವಿತ್ತು. ಅಲ್ಲಾಸಾಬ ಒಬ್ಬನೇ ಹೋದ. ಶೇಖವ್ವ ವಯಸ್ಸಿನಲ್ಲಿದ್ದಾಗ ಬೆಟಗೇರಿಯ ಮಿಶನ್ ದವಾಖಾನೆಯಲ್ಲಿ ಹೆರಿಗೆ ಕೆಲಸ ಕಲಿತವಳು. ಅಲ್ಲಿದ್ದ ಬಿಳಿ ಡಾಕ್ಟರಮ್ಮ ತನ್ನ ದೇಶಕ್ಕೆ ಹೊರಟಾಗ ತನ್ನ ಸೈಕಲ್ಲನ್ನು ಇವಳಿಗೆ ಕೊಟ್ಟು ಹೋದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಶೇಖವ್ವ ಊರಿಂದೂರಿಗೆ ಆ ಸೈಕಲ್ಲು ತುಳಿದಳು. ಮೊದಮೊದಲು ಮಂದಿ ಹಿಂದಿನಿಂದ ಹೊಲಸು ಮಾತು ಆಡಿದರು. ಆಮೇಲೆ ಅದೇ ಮಂದಿ ಹೆಂಡತಿಗೆ ಬ್ಯಾನೆ ಎದ್ದಾಗ ಇವಳ ದಾರಿ ಕಾಯ್ದರು. ಈಗ ಮೊಣಕಾಲು ಹಿಡಿದು, ಕಣ್ಣಿಗೆ ಮಬ್ಬು ಕವಿದು, ಕಟ್ಟೆಯ ಮೇಲೆ ಕೂತಿರುತ್ತಾಳೆ.

"ಎಲ್ಲಿ ಹುಟ್ಟೀದಿ ನೀ?" ಎಂದು ಕೇಳಿದಳು.

"ಮಿಶನ್ ದವಾಖಾನ್ಯಾಗ್ರಿ ಯವ್ವಾ."

"ಹಂಗಾರ ನಾನ ನಿನ್ನ ಎತ್ತಿ ಕುಂಡಿಗೆ ಬಡದು ಅಳಿಸಿರಬೇಕು, ತಗಿ!" ಎಂದು ನಕ್ಕಳು. ನಗು ನಿಂತ ಮೇಲೆ ಅವನ ಕೈ ಹಿಡಿದು ಬೆರಳುಗಳನ್ನು ಸವರಿ ನೋಡಿದಳು. "ಗುಜರಿಯವರು ಭಾಳ ಮಂದಿ ಬಂದ್ರು, ಕೊಡಲಿಲ್ಲ. ಮಾರಾಕಲ್ಲೋ ತಮ್ಮಾ. ನಾ ಹೋಗೂದ್ರೊಳಗ ಅದು ನನ್ನ ಅಂಗಳದಾಗ ನೆಟ್ಟಗ ನಿಂತಿರಬೇಕು. ಅಷ್ಟ ಮಾಡಿಕೊಡು."

ಕೊಟ್ಟಿಗೆಯಿಂದ ಹೊರಬಂದದ್ದು ಹೆಣ್ಣುಮಕ್ಕಳ ಸೈಕಲ್ಲು. ನಡುವಿನ ಕೊಳವೆ ಕೆಳಕ್ಕೆ ಬಾಗಿತ್ತು. ಮೈತುಂಬ ಯಾರೋ ಯಾವಾಗಲೋ ಬಳಿದ ಕರಿ ಬಣ್ಣ. ಹಬ್ಬಿನ ಮೇಲೆ ಐವತ್ನಾಲ್ಕನೆಯ ಇಸವಿ.

ಆ ಚಳಿಗಾಲವೆಲ್ಲ ಅಲ್ಲಾಸಾಬ ಅದರ ಮುಂದೆ ಕೂತ. ಎಣ್ಣೆ ಅದ್ದಿದ ಬಟ್ಟೆಯಿಂದ ಉಜ್ಜಿ ಉಜ್ಜಿ ಕರಿ ಬಣ್ಣ ತೆಗೆದಾಗ ಕೆಳಗೆ ಹಸಿರು ಕಂಡಿತು. ಎಳೆ ಜೋಳದ ಗರಿಯ ಹಸಿರು, ಅದರ ಮೇಲೆ ಕೂದಲೆಳೆಯ ಬಂಗಾರದ ಗೆರೆ. ಕಾರ್ಖಾನೆಯಲ್ಲಿ ಹಚ್ಚಿದ್ದು ಹಾಗೇ ಉಳಿದಿತ್ತು. ಹಬ್ಬು ಬಿಗಿದು ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲವು ದಿನ ಕಾಯ್ದು, ಬಿಚ್ಚಿದ. ಒಳಗೆ ಕೂದಲಿನಂಥ ಸ್ಪ್ರಿಂಗೊಂದು ಮುರಿದಿತ್ತು. ಬೇರೊಂದು ಸತ್ತ ಹಬ್ಬಿನಿಂದ ತೆಗೆದು ಕೂಡಿಸಿದ. ಇಂಗ್ಲೆಂಡಿನ ನಟ್ಟಿಗೆ ನಮ್ಮ ಪೇಟೆಯ ಬೋಲ್ಟು ಕೂಡುವುದಿಲ್ಲ. ಅದಕ್ಕೇ ಒಂದೊಂದು ನಟ್ಟನ್ನೂ ಚಹಾಪುಡಿಯ ಡಬ್ಬಿಯಲ್ಲಿ ಜೋಪಾನ ಮಾಡಿದ.

ಪ್ರಮೋದ ಬಂದು ನೋಡಿ ಅದರ ಸುತ್ತ ಎರಡು ಸಲ ತಿರುಗಿದ. "ಇಂಥಾದ್ದು ನಮ್ಮ ಕಡೆ ಇನ್ನೊಂದು ಇಲ್ಲ ಕಾಕಾ," ಎಂದ. ಮುಂದಿನ ವಾರ ಅಡರಕಟ್ಟಿಯಲ್ಲಿ ತಾನು ಕೊಂಡ ಇನ್ನೊಂದು ಹೆಣ್ಣುಮಕ್ಕಳ ಸೈಕಲ್ಲನ್ನು ತಂದಿಳಿಸಿದ. ಅದೇ ಕಂಪನಿಯದು, ಆದರೆ ಏಳೆಂಟು ವರ್ಷ ಈಚಿನದು. ಬಣ್ಣವೆಲ್ಲ ಹೋಗಿತ್ತು.

"ಇದಕ್ಕೂ ಅದೇ ಹಸರು ಹಚ್ಚಿಕೊಡ್ರಿ. ಜೋಡಿ ಹಂಗ ಕಾಣಲಿ."

ಅಲ್ಲಾಸಾಬ ಸಂತೋಷದಿಂದ ಹಚ್ಚಿದ. ಹಸಿರಿಗೆ ಹಸಿರು ಹೊಂದುವವರೆಗೆ ಬಣ್ಣ ಕಲಸಿದ. ಅಳಿಲಿನ ಕೂದಲ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಬಂಗಾರದ ಗೆರೆ ಎಳೆದ. ಪ್ರಮೋದ ಮಗ್ಗುಲಲ್ಲೇ ಕೂತು, "ಇಲ್ಲಿ ಸ್ವಲ್ಪ ದಪ್ಪ ಆತು ಕಾಕಾ," ಎಂದು ತಿದ್ದಿಸಿದ.

ಧಾರವಾಡದಲ್ಲಿ ಹಳೆಯ ಸೈಕಲ್ಲುಗಳ ಪ್ರದರ್ಶನವಿತ್ತು. ಶೇಖವ್ವನ ಗಾಡಿಯನ್ನು ಒಮ್ಮೆ ಅಲ್ಲಿ ತೋರಿಸಿ, ಆಮೇಲೆ ಅವಳಿಗೆ ಮುಟ್ಟಿಸೋಣ ಎಂದ ಪ್ರಮೋದ. ಇಬ್ಬರೂ ಕೂಡಿ ಹೋಗುವುದೆಂದಾಗಿತ್ತು. ಹಿಂದಿನ ದಿನ ಫೋನು ಬಂತು: ಗಾಡಿಯಲ್ಲಿ ಜಾಗ ಸಾಲದು, ಕಾಕಾ, ಮುಂದಿನ ಸಲ ಬರ್ರಿ. ಇಸ್ತ್ರಿ ಮಾಡಿಸಿದ್ದ ಅಂಗಿಯನ್ನು ಸುಗ್ರಾಬಿ ಮಡಚಿ ಮರಳಿ ಟ್ರಂಕಿನೊಳಗೆ ಇಟ್ಟಳು. ಅಲ್ಲಾಸಾಬನಿಗೆ ಏನೂ ಅನ್ನಿಸಲಿಲ್ಲ. ಸ್ವಲ್ಪ ಅನ್ನಿಸಿತು, ಆದರೆ ಅದನ್ನು ಒಳಗೇ ಒತ್ತಿಕೊಂಡ.

ಪ್ರದರ್ಶನ ಮುಗಿದ ಮೇಲೆ ಸೈಕಲ್ಲು ಟೆಂಪೋದಲ್ಲಿ ಬಂತು. ಪ್ರಮೋದ ಬರಲಿಲ್ಲ. "ಕೆಲಸದ ಮ್ಯಾಲೆ ಹೊರಗಿದ್ದೀನಿ, ಗಾಡಿ ಕಳಿಸೇನಿ, ಅಜ್ಜಿಗೆ ಮುಟ್ಟಸ್ರಿ" ಎಂದು ಫೋನಿಗೆ ಸುದ್ದಿ ಕಳಿಸಿದ್ದ. ಅಲ್ಲಾಸಾಬ ಹಗ್ಗ ಬಿಚ್ಚಿ, ಹೊದಿಸಿದ್ದ ಗೋಣಿ ತೆಗೆದ. ಹಸಿರು ಬಿಸಿಲಿಗೆ ಮಿಂಚಿತು. ಅಷ್ಟರಲ್ಲಿ ಅವನ ಕಣ್ಣು ಬಂಗಾರದ ಗೆರೆಯ ಮೇಲೆ ಬಿತ್ತು. ಸೀಟಿನ ಕೆಳಗೆ, ಗೆರೆ ತಿರುಗುವಲ್ಲಿ, ಎಳ್ಳಷ್ಟು ದಪ್ಪ. ಅದು ಇಂಗ್ಲೆಂಡಿನ ಗೆರೆಯಲ್ಲ. ತನ್ನ ಕೈಯ ಗೆರೆ.

ಆದರೂ ಅವನು ಹಬ್ಬನ್ನು ಒರೆಸಿ ಅಂಕಿ ಓದಿದ. ತಾನು ತಪ್ಪಿರಲಿ ಎಂದು ಅವನು ಬೇಡಿಕೊಂಡದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅಂಕಿ ಅರವತ್ತೊಂದು ಎಂದಿತು. ಇದು ಅಡರಕಟ್ಟಿಯ ಗಾಡಿ.

ಅದೇ ಸೈಕಲ್ಲು ಹತ್ತಿ ಗದಗಿಗೆ ಹೋದ. ಹೊರಗಿದ್ದೇನೆ ಎಂದಿದ್ದ ಪ್ರಮೋದ ತನ್ನ ಮನೆಯ ಅಂಗಳದಲ್ಲೇ ಇದ್ದ.

"ಪ್ರಮೋದಪ್ಪಾ, ಶೇಖವ್ವನ ಗಾಡಿ ಎಲ್ಲೈತಿ?"

"ಕುಂಡ್ರಿ ಕಾಕಾ, ಹೇಳ್ತೀನಿ."

"ನಿಂತ ಕೇಳ್ತೀನಿ, ಹೇಳು."

"ಮಾರಿಲ್ಲರಿ. ದೇವರಾಣಿ ಮಾರಿಲ್ಲ. ಪುಣೆದವರೊಬ್ಬರ ಕೂಡ ಬದಲಿ ಮಾಡೇನಿ. ಏನು ಸಿಕ್ಕದ ನೀವ ನೋಡ್ರಿ," ಎಂದು ಪ್ರಮೋದ ಮೂಲೆಯಲ್ಲಿದ್ದ ಚಾದರ ಸರಿಸಿದ.

ಕರಿ ಬಣ್ಣದ ಎತ್ತರದ ಗಾಡಿ. ಚೈನು ಮುಚ್ಚಿದ ಎಣ್ಣೆಪೆಟ್ಟಿಗೆಯೊಳಗೆ ಓಡುವಂಥದ್ದು. ಮುಂದಿನ ಗಾಲಿಯ ಹಬ್ಬೇ ದೀಪಕ್ಕೆ ಕರೆಂಟು ಹುಟ್ಟಿಸುವಂಥದ್ದು. ಇಂಥದ್ದಕ್ಕಾಗಿ ಇಬ್ಬರೂ ಎಷ್ಟು ಊರು ಅಲೆದಿದ್ದರು! ಅಲ್ಲಾಸಾಬನ ಕಣ್ಣು ತಾನಾಗಿಯೇ ಅದರ ಮೇಲೆ ಓಡಿತು. ಓಡಿದ್ದಕ್ಕೆ ತನ್ನ ಕಣ್ಣಿನ ಮೇಲೆ ತನಗೇ ಹೇಸಿಗೆಯಾಯಿತು.

"ಆಕಿ ನನ್ನ ನಂಬಿ ಕೊಟ್ಟಿದ್ಲಲ್ಲೋ."

"ಆಕಿಗೆ ಕಣ್ಣು ಕಾಣಂಗಿಲ್ಲ ಕಾಕಾ. ಅದೇ ಹಸರು, ಅದೇ ಕಂಪನಿ, ಅದೇ ಗೇರು. ನೀವು ಹೇಳದಿದ್ರ ಯಾರಿಗೆ ಗೊತ್ತಾಗ್ತದ?"

"ನಾ ಹೇಳೂದಿಲ್ಲ ಅಂತ ಹೆಂಗ ತಿಳಕೊಂಡಿ?"

"ಇಷ್ಟು ವರ್ಷದ ಗೆಳೆತನ ಅದಲ್ಲ ಕಾಕಾ ನಮ್ಮದು. ನನ್ನ ಸಲುವಾಗಿ ಇದೊಂದು..."

ಅಲ್ಲಾಸಾಬ ಕೈ ಎತ್ತಿ ಅವನ ಮಾತು ತಡೆದ. "ಒಂದ ಮಾತು ಹೇಳು. ನನ್ನ ಕೈಲೆ ಬಣ್ಣ ಹಚ್ಚಸೂಮುಂದನ ಇದು ನಿನ್ನ ಮನಸಿನ್ಯಾಗ ಇತ್ತೇನು?"

ಪ್ರಮೋದ ಬಗ್ಗಿ ಚಾದರವನ್ನು ಮತ್ತೆ ಗಾಡಿಯ ಮೇಲೆ ಎಳೆದ.

ಒಳಗಿನಿಂದ ಅವನ ತಾಯಿ ವಿಮಲಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. ಅವರಿಗೆ ಯಾವುದೂ ಗೊತ್ತಿರಲಿಲ್ಲ. "ಅಯ್ಯ ಅಲ್ಲಾಸಾಬಣ್ಣ, ನಿಂತೇ ಇದ್ದೀರಲ್ಲ! ಚಹಾಕ್ಕ ಇಟ್ಟೇನಿ, ಅವಲಕ್ಕಿನೂ ಅದ."

"ಬ್ಯಾಡ್ರಿ ಬಾಯಾರ, ರೋಜಾ ಅದೀನಿ," ಎಂದ ಅಲ್ಲಾಸಾಬ. ರಮಜಾನ್ ಇನ್ನೂ ದೂರವಿತ್ತು. ಹಸಿರು ಸೈಕಲ್ಲನ್ನು ಗೇಟಿಗೆ ಆನಿಸಿ ಬಿಟ್ಟು, ಬೆಟಗೇರಿಗೆ ನಡೆದೇ ಬಂದ.

ಸುಗ್ರಾಬಿ ಕೇಳಿ ಅತ್ತಳು. "ಆ ಹುಡುಗ ನನ್ನ ತಲಿದಿಂಬಿನ ಕಡೆ ಕುಂತಿದ್ನಲ್ರಿ. ಅದೆಲ್ಲಾ ಸುಳ್ಳೇನು ಹಂಗಾರ?"

"ಆವಾಗ ಕುಂತಿದ್ದೂ ಖರೆ, ಈಗ ಮಾಡಿದ್ದೂ ಖರೆ," ಎಂದ ಅಲ್ಲಾಸಾಬ. ಸುಳ್ಳಾಗಿದ್ದರೆ ಒಂದು ಸಲ ಬೈದು ಮರೆಯಬಹುದಿತ್ತು. ಎರಡೂ ಖರೆಯಾದದ್ದಕ್ಕೇ ಅವನಿಗೆ ಮರೆಯುವ ದಾರಿ ಇರಲಿಲ್ಲ.

ಮರುದಿನ ಮುಂಡರಗಿಯ ಬಸ್ಸು ಹತ್ತಿ ಹಿರೇವಡ್ಡಟ್ಟಿಗೆ ಹೋದ. ಶೇಖವ್ವ ಅಂಗಳದ ಒಂದು ಮಗ್ಗುಲನ್ನು ಸೆಗಣಿಯಿಂದ ಸಾರಿಸಿಟ್ಟಿದ್ದಳು, ಸೈಕಲ್ಲು ನಿಲ್ಲುವ ಜಾಗ. ಅಲ್ಲಾಸಾಬ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದ, ಬಣ್ಣ ಹಚ್ಚಿದ ಕೈ ತನ್ನದೇ ಎಂಬುದನ್ನೂ ಹೇಳಿದ.

"ಅಂವ ಯಾರಂತ ನನಗ ಗೊತ್ತಿಲ್ಲೋ," ಎಂದಳು ಕೊನೆಗೆ. "ಅಂವನ ಮಾರಿನೂ ನಾ ನೋಡಿಲ್ಲ. ನಾ ಕೊಟ್ಟಿದ್ದು ನಿನ್ನ ಕೈಯಾಗ. ಧಾರವಾಡಕ್ಕ ಕಳಸೂಮುಂದ ನನ್ನೊಂದ ಮಾತ ಕೇಳಿದ್ಯೇನು?"

ಕೇಳಿರಲಿಲ್ಲ. ಪ್ರಮೋದನನ್ನು ನಂಬಲು ಯಾರನ್ನಾದರೂ ಕೇಳಬೇಕು ಎಂಬುದೇ ಅವನಿಗೆ ಹೊಳೆದಿರಲಿಲ್ಲ.

"ಅಂವಗ ಫೋನ್ ಹಚ್ಚು."

ಹಚ್ಚಿ ಅವಳ ಕೈಗೆ ಕೊಟ್ಟ. ಆ ಕಡೆಯಿಂದ, "ಹೇಳ್ರಿ ಕಾಕಾ," ಎಂಬ ದನಿ ಕೇಳಿಸಿತು.

"ಕಾಕಾ ಅಲ್ಲಪಾ, ನಾ ಶೇಖವ್ವ. ನನ್ನ ಗಾಡಿ ಯಾವಾಗ ತರ್ತಿ?"

ಫೋನು ಕಟ್ಟಾಯಿತು. ಅವಳು ಅದನ್ನು ಕಿವಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದು, ಆಮೇಲೆ ಮರಳಿ ಕೊಟ್ಟಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. "ಬಿಸಲೈತಿ, ನೀರ ಕುಡದು ಹೋಗು," ಎಂದಳು. ಇನ್ನೊಮ್ಮೆ ಬಾ ಎನ್ನಲಿಲ್ಲ.

ಪ್ರದರ್ಶನ ನಡೆಸಿದವರ ಹತ್ತಿರ ಪುಣೆಯವನ ನಂಬರು ಸಿಕ್ಕಿತು. ಅಲ್ಲಾಸಾಬ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದ. ಆ ಮನುಷ್ಯ ಕೆಟ್ಟವನೇನಲ್ಲ, ನಿಜವಾಗಿಯೂ ಗಾಬರಿಯಾದ. ಆ ಅಜ್ಜಿ ತೀರಿಕೊಂಡಿದ್ದಾಳೆ, ಹಿಂದೆಮುಂದೆ ಯಾರೂ ಇಲ್ಲ, ಸಾಯುವಾಗ ಸೈಕಲ್ಲನ್ನು ನನಗೇ ಕೊಟ್ಟಳು ಎಂದು ಪ್ರಮೋದ ಅವನಿಗೆ ಹೇಳಿದ್ದ. "ಬದುಕಿದ್ದಾಳೆ ಸಾಹೇಬ್, ಕಟ್ಟೆಯ ಮೇಲೆ ಕೂತಿದ್ದಾಳೆ," ಎಂದ ಅಲ್ಲಾಸಾಬ. ವಿಚಾರ ಮಾಡಿ ತಿಳಿಸುತ್ತೇನೆ ಎಂದು ಅವನು ಫೋನಿಟ್ಟ. ಆಮೇಲೆ ಎತ್ತುವುದನ್ನೇ ಬಿಟ್ಟ.

ಬದುಕಿದ್ದವಳನ್ನು ಪ್ರಮೋದ ಸಾಯಿಸಿದ್ದ ಎಂಬುದನ್ನು ಅಲ್ಲಾಸಾಬ ಸುಗ್ರಾಬಿಗೂ ಹೇಳಲಿಲ್ಲ. ಸಿಟ್ಟು ಅಲ್ಲಿಯವರೆಗೆ ಒಲೆಯ ಹಾಗೆ ಉರಿಯುತ್ತಿತ್ತು. ಆ ಮಾತು ಕೇಳಿದ ಮೇಲೆ ಆರಿತು. ಇಂಥವನನ್ನು ಬೈಯಲೂ ಒಂದು ಸಲಿಗೆ ಬೇಕು, ಆ ಸಲಿಗೆಯೂ ಉಳಿದಿಲ್ಲ ಅನ್ನಿಸಿತು.

ಪ್ರಮೋದ ಈಗಲೂ ಆ ರಸ್ತೆಯಲ್ಲಿ ಬೈಕಿನ ಮೇಲೆ ಹಾಯುತ್ತಾನೆ. ಅಂಗಡಿ ಬಂದಾಗ ವೇಗ ಹೆಚ್ಚಿಸುತ್ತಾನೆ.

ಮೊನ್ನೆ ಹೊಂಬಳದ ರೈತನೊಬ್ಬ ತನ್ನ ತಂದೆಯ ಕಾಲದ ಗಾಡಿಯನ್ನು ತಂದ. ಹಿಂದಿನ ಗಾಲಿಯ ಹಬ್ಬು ದಪ್ಪಗಿತ್ತು. ಅಲ್ಲಾಸಾಬನ ಹೆಬ್ಬೆರಳು ರೂಢಿಯಂತೆ ಜಿಡ್ಡು ಒರೆಸಲು ಹೋಗಿ ಅರ್ಧಕ್ಕೇ ನಿಂತಿತು.

"ಇದು ಭಾಳ ಕಿಮ್ಮತ್ತಿನ ಗಾಡಿ ಅಂತಾರಲ್ರಿ, ಗದಗಿನಾಗ ಯಾರೋ ಸಾಹೇಬ್ರು ಹುಡುಕ್ಯಾಡಾಕತ್ಯಾರಂತ. ಯಾವ ಕಾಲದ್ದಿರಬಹುದು?" ಎಂದು ರೈತ ಕೇಳಿದ.

"ನನಗೇನ ತಿಳೀತೈತ್ರಿ. ಸಾದಾ ಗಾಡಿ," ಎಂದ ಅಲ್ಲಾಸಾಬ. "ಮಂದಿಗೆ ತೋರಸ್ಕೋತ ಅಡ್ಡಾಡಬ್ಯಾಡ್ರಿ. ನೀವ ತುಳೀರಿ."

ಹಬ್ಬನ್ನು ಬಿಚ್ಚಿ ತೊಳೆದು, ಎಣ್ಣೆ ಬಿಟ್ಟು, ಗೇರಿನ ತಂತಿಯನ್ನು ತಕ್ಕಷ್ಟು ಬಿಗಿದು ಕೊಟ್ಟ. ರೈತ ಹತ್ತಿ ಹೊರಟ. ಓಣಿಯ ಏರಿನಲ್ಲಿ ಗೇರು ಬದಲಾದದ್ದನ್ನು ಕೇಳಿ ಅಲ್ಲಾಸಾಬ ಒಳಗೆ ಹೋದ, ಪಂಕ್ಚರಿಗೆ ಬಂದಿದ್ದ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡುತ್ತ ಕೂತ.