ಐದನೆಯ ದಿನದ ಡಾಕ್ಟರು

ಕಮರಿಪೇಟೆಯ ಅತ್ತೆಯ ಮನೆಯಲ್ಲಿ, ಮುಟ್ಟಾದಾಗ ನಾನು ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂಡಬೇಕಾಗಿತ್ತು. ಆ ಮೂರೂ ದಿನ ಯಾರೋ ಒದ್ದೆ ಸೀರೆ ಹಿಂಡಿದ ಹಾಗೆ ಕಿಬ್ಬೊಟ್ಟೆ ಹಿಂಡುತ್ತಿತ್ತು. ಚಾಪೆಯ ಅಂಚು ಕಚ್ಚಿ ಹೊರಳಾಡುತ್ತಿದ್ದೆ. ಅತ್ತೆ ಹೊಸ್ತಿಲಾಚೆಯಿಂದ ತಾಟು ಸರಿಸಿ, "ನಮಗ್ಯಾರಿಗೂ ಆಗಿಲ್ಲೇನು? ನಿಂದೇ ಒಂದು ಸೋಗು" ಎನ್ನುತ್ತಿದ್ದರು.

ಡಾಕ್ಟರನ್ನು ಕರೆಸಲಿಲ್ಲವೆಂದಲ್ಲ. ಕರೆಸುತ್ತಿದ್ದರು, ಐದನೆಯ ದಿನ! ಮೈಲಿಗೆಯಲ್ಲಿದ್ದವಳನ್ನು ಅವರು ಮುಟ್ಟುವುದು ಹೇಗೆ? ನಾಲ್ಕನೆಯ ದಿನ ನಾನು ತಲೆಗೆ ಎರೆದುಕೊಂಡು, ಮರುದಿನ ಒಗೆದ ಸೀರೆ ಉಟ್ಟು ಪಡಸಾಲೆಗೆ ಬರುವಷ್ಟರಲ್ಲಿ ನೋವು ಹೋಗಿರುತ್ತಿತ್ತು. ಮುಂಬೈಯಲ್ಲಿ ಕಲಿತು ಬಂದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನನಗಲ್ಲ, ನನ್ನ ಗಂಡನಿಗೆ ಹೇಳುತ್ತಿದ್ದರು: "ಏನೂ ಇಲ್ರಿ. ಒಂದು ಕೂಸಾದ್ರ ಎಲ್ಲಾ ಸರಿ ಹೋಗ್ತದ." ಆ ಕೂಸು ಆಗಲೇ ಇಲ್ಲ. ಅದಕ್ಕೂ ಬೈಗುಳ ನನಗೇ. ಬೆಂಕಿ ಆರಿದ ಮೇಲೆ ಬಂದು, ಹೊಗೆ ಎಲ್ಲಿದೆ ಎಂದು ಕೇಳುವ ಜನ!

ಏಳು ವರ್ಷ ಹೀಗೇ ನಡೆಯಿತು. ಒಮ್ಮೆ ಸಿಟ್ಟು ನೆತ್ತಿಗೇರಿ, ಎರಡನೆಯ ದಿನವೇ, ಯಾರನ್ನೂ ಕೇಳದೆ, ಹೊಟ್ಟೆ ಹಿಡಿದುಕೊಂಡು ದವಾಖಾನೆಗೆ ನಡೆದೇಬಿಟ್ಟೆ. "ಈಗ ನೋಡ್ರಿ. ಇನ್ನೂ ಎರಕೊಂಡಿಲ್ಲ, ಈಗ ನೋಯ್ಲಿಕ್ಕತ್ತದ" ಎಂದೆ.

ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹಿಂಗ ಬರಬಾರದವಾ. ಐದನೇ ದಿನಾ ಬಾ, ನೋಡ್ತೇನಿ."