ಸುಗುಣಳ ತಲೆಯ ಮೇಲಿಟ್ಟ ಕೈ

ನಿಮ್ಮ ಅವ್ವ ಸುಗುಣ ಆಪರೇಷನ್ನಿಗೆಂದು ಮಂಡ್ಯಕ್ಕೆ ಹೊರಟ ಬೆಳಿಗ್ಗೆ, ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತೆನಲ್ಲ — ಆಗ ನಾನು ಪ್ರಾರ್ಥನೆ ಮಾಡಲಿಲ್ಲ. ಶೀಬಾ, ಜೋಯಲ್, ಇದನ್ನು ಮೊದಲೇ ಹೇಳಿಬಿಡಬೇಕು. ಅದೂ ಇದೂ ಹೇಳುತ್ತಾ ಹೋದರೆ ಇದೊಂದನ್ನು ಹೇಳದೆಯೇ ನಿಲ್ಲಿಸಿಬಿಡುತ್ತೇನೆ. ನಿಮ್ಮ ಅಜ್ಜಿಯ ಸ್ವಭಾವ ನಿಮಗೆ ಗೊತ್ತೇ ಇದೆ.

ದೇವರನ್ನು ನಾನು ಏನೂ ಕೇಳಲಿಲ್ಲ. ಮನಸ್ಸಿನಲ್ಲೂ ಕೇಳಲಿಲ್ಲ.

ಕಿರುಗಾವಲಿನ ಈ ಮನೆಯಲ್ಲಿ ಯಾರು ಊರಿಗೆ ಹೊರಟರೂ ಹೊಸ್ತಿಲ ಒಳಗೆ ನಿಂತು ತಲೆ ಬಗ್ಗಿಸಬೇಕು, ಹಿರಿಯರು ಕೈಯಿಟ್ಟು ಪ್ರಾರ್ಥಿಸಿ ಕಳಿಸಬೇಕು. ನಿಮ್ಮ ತಾತ ಇರುವಷ್ಟು ಕಾಲ ಅದು ಅವರದೇ ಕೆಲಸವಾಗಿತ್ತು. ಅವರ ದನಿ ಬೀದಿಯ ಕೊನೆಯ ತನಕ ಹೋಗುತ್ತಿತ್ತು. ಪಕ್ಕದ ಮನೆಯ ನಿಂಗಮ್ಮ ಕಸ ಗುಡಿಸುತ್ತಲೇ, "ಯಾಕಮ್ಮ, ನಿಮ್ ದೇವ್ರಿಗೆ ಕಿವಿ ಕೇಳಾಕಿಲ್ವಾ?" ಎಂದು ನಗುತ್ತಿದ್ದಳು. ನಾನು ಹಿಂದೆ ನಿಂತು ಆಮೆನ್ ಎನ್ನುತ್ತಿದ್ದೆ, ಅಷ್ಟೇ. ಊರ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು.

ತಾತ ಹಾಸಿಗೆ ಹಿಡಿದ ವರ್ಷ ಮಾತ್ರ ನಾನು ನಿಜವಾಗಿ ಬೇಡಿಕೊಂಡೆ. ಪಾತ್ರೆ ತೊಳೆಯುವಾಗ, ಸೌದೆ ಒಟ್ಟುವಾಗ, ಅವರ ಬಾಯಿಗೆ ಗಂಜಿ ಬಿಡುವಾಗ — ನನಗೆ ಬಂದ ಮಾತಿನಲ್ಲಿ. ಅವರು ಹೋದರು. ಆಮೇಲೆ ಕಣ್ಣು ಮುಚ್ಚಿದರೆ ಕಣ್ಣು ಮುಚ್ಚಿದಂತೆ ಮಾತ್ರ ಆಗುತ್ತಿತ್ತು. ಆ ಕಡೆ ಯಾರೂ ಇರುತ್ತಿರಲಿಲ್ಲ. ಇದನ್ನು ನೆಪ ಮಾಡಿ ಹೇಳುತ್ತಿಲ್ಲ. ಗಂಡನನ್ನು ಕಳೆದುಕೊಂಡವರು ಎಷ್ಟೋ ಜನ ಇದ್ದಾರೆ, ಅವರೆಲ್ಲ ನನ್ನಂತೆ ಸುಳ್ಳು ಕೈ ಇಡಲಿಲ್ಲ.

ಅವರಾದ ಮೇಲೆ ತಲೆಯ ಮೇಲೆ ಕೈಯಿಡುವ ಕೆಲಸ ನನಗೆ ಬಂತು. ನನ್ನ ದನಿ ಮೊದಲೂ ಹೊರಗೆ ಬಂದದ್ದಿಲ್ಲವಲ್ಲ — ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. "ಅವ್ವಂದು ಒಳಗಿನ ಪ್ರಾರ್ಥನೆ" ಎಂದು ಚರ್ಚಿನ ಸಭೆಯ ಹೆಂಗಸರು ಹೇಳತೊಡಗಿದರು. ನಮ್ಮ ಪಾದ್ರಿ ಅಯ್ಯನವರು ಕೂಡ ಒಂದು ಭಾನುವಾರ ಪ್ರಸಂಗ ಮಾಡುವಾಗ, ಗಟ್ಟಿಯಾಗಿ ಪ್ರಾರ್ಥಿಸುವವರ ಸದ್ದಿಗಿಂತ ಮೂಲೆಯಲ್ಲಿ ಕೂತ ತಾಯಿಯೊಬ್ಬಳ ಮೌನ ದೊಡ್ಡದು ಎಂದರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ದೀನತೆ ಅಂದುಕೊಂಡರು. ಪರೀಕ್ಷೆಗೆ ಹೋಗುವ ಮಕ್ಕಳು, ಹೆರಿಗೆಗೆ ಹೊರಟ ಹುಡುಗಿಯರು ಬಂದು ತಲೆ ಬಗ್ಗಿಸುತ್ತಿದ್ದರು. ನಾನು ಕೈಯಿಟ್ಟು, ಒಲೆಯ ಮೇಲಿನ ಹಿಟ್ಟು ತಳ ಹಿಡಿಯಿತೇನೋ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದೆ. ಸಾಕು ಎನ್ನಿಸಿದಾಗ ಕೈ ತೆಗೆಯುತ್ತಿದ್ದೆ.

ಆಪರೇಷನ್ನಿನ ಹಿಂದಿನ ದಿನ ಸುಗುಣ ಮದ್ದೂರಿನಿಂದ ಇಲ್ಲಿಗೆ ಬಂದಳು. ನಿಮ್ಮಪ್ಪ ನೇರವಾಗಿ ಮಂಡ್ಯಕ್ಕೇ ಹೋಗೋಣ ಎಂದರಂತೆ, ಇವಳೇ ಕೇಳಲಿಲ್ಲ. ನನ್ನ ಕೈಯಿಂದಲೇ ಹೊರಡಬೇಕೆಂದು ಅವಳ ಆಸೆ. ಬೆಳಿಗ್ಗೆ ಹೊಸ್ತಿಲ ಬಳಿ ನಿಂತು, "ಅವ್ವ, ಇವತ್ತು ವಸಿ ಜಾಸ್ತಿ ವೊತ್ತು ಮಾಡವ್ವ. ಭಯ ಆಯ್ತದೆ" ಎಂದಳು.

ಜಾಸ್ತಿ ಹೊತ್ತೇ ಕೈಯಿಟ್ಟಿದ್ದೆ. ಎಣ್ಣೆ ಹಚ್ಚಿದ ತಲೆ. ಬೈತಲೆಯ ಹತ್ತಿರ ಕೂದಲು ತೆಳುವಾಗಿತ್ತು — ಇಷ್ಟು ಯಾವಾಗ ಉದುರಿತು ಎಂದುಕೊಂಡೆ. ಫ್ಲಾಸ್ಕಿನ ಮುಚ್ಚಳ ಸಡಿಲವಾಗಿದೆ, ಟವೆಲ್ಲು ಇಟ್ಟಳೋ ಇಲ್ಲವೋ ಎಂದುಕೊಂಡೆ. ಕೇಳು, ಈಗಲಾದರೂ ಕೇಳು ಎಂದು ಒಳಗೆ ಏನೋ ತಿವಿಯಿತು. ಕೇಳಿದರೆ, ತಾತನ ವಿಷಯದಲ್ಲಿ ಆದಂತೆಯೇ ಆದರೆ — ಅಲ್ಲಿಗೇ ನಿಂತೆ. ಅಷ್ಟರಲ್ಲಿ ಅವಳೇ ಆಮೆನ್ ಎಂದಳು. ನಾನು ಶುರುವೇ ಮಾಡದ ಪ್ರಾರ್ಥನೆಗೆ ನನ್ನ ಮಗಳು ಆಮೆನ್ ಎಂದಳು. ತಲೆಯೆತ್ತಿ ನಕ್ಕು, "ಈಗ ಧೈರ್ಯ ಬಂತು ಕಣವ್ವ" ಎಂದಳು.

ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸಭೆಯ ಹೆಂಗಸರು ನಡುಮನೆಯಲ್ಲಿ ಕೂತಿದ್ದರು. ಯಾರೋ ನನ್ನನ್ನು ಸಮಾಧಾನ ಮಾಡಲು, ಅವ್ವ ಎಷ್ಟೊಂದು ಪ್ರಾರ್ಥನೆ ಮಾಡಿದ್ದರು ಪಾಪ, ಎಂದರು. ಶೀಬಾ, ನೀನಾಗ ಗೋಡೆಗೆ ಒರಗಿ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದೆ. ಹೈಸ್ಕೂಲಿನ ಹುಡುಗಿ. ನೀನು ಅಳಲಿಲ್ಲ. "ಅಜ್ಜಿ ಕೇಳುದ್ರೇ ಕೊಡ್ನಿಲ್ಲ. ಇನ್ನು ನಾನ್ ಕೇಳುದ್ರೆ ಕೊಟ್ಟಾನಾ?" ಎಂದೆ.

ಆಗ ನಾನು ಬಾಯಿ ಬಿಡಬೇಕಿತ್ತು. ನಾನು ಕೇಳಲಿಲ್ಲ ಮಗಳೇ ಎನ್ನಬೇಕಿತ್ತು. ಅಷ್ಟು ಜನರ ಮುಂದೆ, ಅವರು ನನ್ನನ್ನು ನೋಡುತ್ತಿದ್ದ ಆ ನೋಟದ ಮುಂದೆ — ಸೆರಗಿನಿಂದ ಮುಖ ಮುಚ್ಚಿಕೊಂಡೆ. ನನ್ನ ತಪ್ಪನ್ನು ದೇವರ ಮೇಲೆ ಬೀಳಲು ಬಿಟ್ಟೆ. ಮೊದಲನೆಯದಕ್ಕಿಂತ ಇದು ದೊಡ್ಡದು.

ಅಂದಿನಿಂದ ನೀನು ತಟ್ಟೆ ಬಂದ ಕೂಡಲೇ ಪ್ರಾರ್ಥನೆ ಮಾಡದೆ ಊಟಕ್ಕೆ ಕೈ ಹಾಕುತ್ತೀ. ನಿನ್ನನ್ನು ನೋಡಿ ಜೋಯಲ್ ಕೂಡ ಹಾಗೆಯೇ. ಇಲ್ಲಿಗೆ ಬಂದು ಹೊರಡುವಾಗ ನಾನು ಹೊಸ್ತಿಲ ಬಳಿ ಬಂದರೆ, "ಬಸ್ಸು ಬತ್ತದೆ ಅಜ್ಜಿ, ಬುಡು" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೀ. ಒಳಗೊಳಗೇ ನನಗೆ ಹಗುರವಾಗುತ್ತಿತ್ತು — ಇನ್ನೊಂದು ಸಾರಿ ಸುಳ್ಳು ಕೈ ಇಡುವುದು ತಪ್ಪಿತಲ್ಲ ಎಂದು. ಇದನ್ನೂ ಹೇಳಬೇಕು.

ಹೋದ ಅವರೆಕಾಯಿ ಕಾಲದಲ್ಲಿ, ಮಳವಳ್ಳಿಯ ಹೆಂಗಸರ ಕೂಟದಲ್ಲಿ ಎಂಬತ್ತನಾಲ್ಕನೆಯ ಕೀರ್ತನೆಯನ್ನು ನಾನು ಓದಬೇಕೆಂದು ಅಯ್ಯನವರು ಹೇಳಿಕಳಿಸಿದರು. ಹೆದರಿಕೆಗೆ ಮನೆಯಲ್ಲೇ ಅಭ್ಯಾಸ ಮಾಡಲು ತಾತನ ಬೈಬಲ್ ತೆಗೆದು ಜಗುಲಿಯಲ್ಲಿ ಕೂತೆ. ನಿಂಗಮ್ಮ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತೆಳು ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಎರಡು ಮೂರು ಒಟ್ಟಿಗೆ ಮಗುಚಿ, ಎಂಬತ್ತೆಂಟನೆಯದನ್ನು ಓದತೊಡಗಿದೆ. ಬೆರಳಿಟ್ಟು ಗಟ್ಟಿಯಾಗಿ ಓದುವುದು ಬಿಟ್ಟು ನನಗೆ ಬೇರೆ ರೀತಿ ಬರುವುದಿಲ್ಲ. ತಪ್ಪು ಪುಟ ಎಂದು ತಿಳಿದ ಮೇಲೂ ನಿಲ್ಲಿಸಲಾಗಲಿಲ್ಲ. ಅದರಲ್ಲಿ ಒಬ್ಬ ಹಗಲೂ ಇರುಳೂ ಕೂಗುತ್ತಾನೆ. ಯಾಕೆ ಮುಖ ತಿರುಗಿಸಿಕೊಂಡೆ ಎಂದು ದೇವರನ್ನೇ ಕೇಳುತ್ತಾನೆ. ನನ್ನವರನ್ನೆಲ್ಲ ನನ್ನಿಂದ ದೂರ ಮಾಡಿದೆ ಎನ್ನುತ್ತಾನೆ. ಕೊನೆಗೆ ಸ್ತೋತ್ರವೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ.

ನಿಂಗಮ್ಮನ ಕೈ ನಿಂತಿತ್ತು. "ಅದ್ಯಾರಮ್ಮ, ದೇವ್ರ ಜ್ವತೆ ಜಗಳಕ್ಕೆ ನಿಂತವ್ನೆ?"

"ಜಗಳ ಅಲ್ಲ ಕಣೆ. ಪ್ರಾರ್ಥನೆ."

"ಇಂಗೂ ಮಾಡ್ಬೌದಾ? ಅಂಗಾರೆ ನಾನು ದಿನಾ ಮಾಡ್ತಾವ್ನಿ ಬುಡು." ಇನ್ನೊಂದು ಕಾಯಿ ಬಿಡಿಸುತ್ತಾ, "ಆಮ್ಯಾಕೆ ದೇವ್ರು ಏನಂದ?" ಎಂದು ಕೇಳಿದಳು.

"ಏನೂ ಅನ್ನಲಿಲ್ಲ. ಅಲ್ಲಿಗೇ ಮುಗೀತದೆ."

"ಅಯ್ಯೋ ಪಾಪ. ಆದ್ರೂ ಅವನ್ ಮಾತ ಕಿತ್ತಾಕ್ದೆ ಪುಸ್ತಕದಲ್ಲಿ ಮಡಗವ್ರಲ್ಲ, ಅದೇ ದೊಡ್ದು" ಎಂದು ಮೊರ ಎತ್ತಿಕೊಂಡು ಹೋದಳು.

ನಾನು ಅಲ್ಲೇ ಕೂತಿದ್ದೆ. ಬಾಯಿ ತೆರೆದೆ. "ಸ್ವಾಮಿ, ಅವತ್ತು ನಾನು ಕೇಳಲಿಲ್ಲ" — ಇಷ್ಟೇ ಬಂತು. ಆದರೆ ದನಿಯಾಗಿ ಬಂತು. ಮಾರನೆಯ ದಿನ ಮತ್ತೆ ಅದನ್ನೇ ಓದಿದೆ, ಆಮೇಲೆ ಅದರ ಹಿಂದಿನದನ್ನು, ಮುಂದಿನದನ್ನು. ನನ್ನ ಹತ್ತಿರ ಮಾತಿಲ್ಲದ ಕಡೆ ಕೀರ್ತನೆ ಬರೆದವರ ಮಾತನ್ನು ಹೇಳುತ್ತೇನೆ. ಕೆಲವು ದಿನ ಓದುವುದೇ ಪ್ರಾರ್ಥನೆ, ಅದರಾಚೆ ಏನೂ ಇರುವುದಿಲ್ಲ. ಸಂತೋಷ ಬಂತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು.

ಅಂದು ಕೇಳಿದ್ದರೆ ಸುಗುಣ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಗೊತ್ತಾಗದೆಯೇ ನಾನು ಸಾಯಬೇಕು. ಆದರೆ ಶೀಬಾ, ಅಜ್ಜಿಯ ಪ್ರಾರ್ಥನೆಯನ್ನು ದೇವರು ತಳ್ಳಿಬಿಟ್ಟನೆಂದು ನೀನು ಇಷ್ಟು ವರ್ಷ ಸಿಟ್ಟಾಗಿದ್ದೀಯಲ್ಲ — ಅಂಥ ಪ್ರಾರ್ಥನೆ ಇರಲೇ ಇಲ್ಲ. ಅವನ ಮೇಲೆ ನಿನಗೆ ಬೇರೆ ಸಿಟ್ಟಿದ್ದರೆ ಅದು ನಿನ್ನದು, ನಾನು ಅಡ್ಡ ಬರುವುದಿಲ್ಲ. ಇದೊಂದು ತಪ್ಪು ಮಾತ್ರ ನನ್ನದು. ಇದನ್ನು ನನಗೇ ವಾಪಸು ಕೊಡು.

ಮುಂದಿನ ಸಾರಿ ಬಂದಾಗ ತಲೆ ಬಗ್ಗಿಸಬೇಡಿ. ನಾನೂ ಕೈ ಚಾಚುವುದಿಲ್ಲ. ನೀವು ಬೀದಿಗೆ ಇಳಿದು ಬಸ್ಸಿಗೆ ಹೋಗುವಾಗ ನಾನು ಹೊಸ್ತಿಲ ಮೇಲೆ ನಿಂತು ನಿಮ್ಮಿಬ್ಬರ ಹೆಸರು ಹಿಡಿದು ಬೇಡುತ್ತೇನೆ — ಬೀದಿಯ ಕೊನೆಯ ತನಕ ಕೇಳುವ ಹಾಗೆ. ನಿಂಗಮ್ಮ ನಗಲಿ. ನೀವು ತಿರುಗಿ ನೋಡದಿದ್ದರೂ ಸರಿ.