ಕೊಳಲಿನ ಜಾಗದಲ್ಲಿ ಬಿದ್ದ ಗೀರು

ಆಗೆಲ್ಲ ಕಾಕ್ಸ್ ಟೌನಿನ ನಮ್ಮ ಬೀದಿಯಲ್ಲಿ ಶನಿವಾರ ಬೆಳಿಗ್ಗೆ ಎಂದರೆ ಬೇಕರಿಯಲ್ಲಿ ದಿಲ್‌ಪಸಂದ್ ಬೇಯುವ ವಾಸನೆ, ಅದರ ಹಿಂದೆಯೇ ಫ್ಲೋರಾ ಮಿಸ್ ಮನೆಯ ಸಂಗೀತ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದಿರಬೇಕು: ಮಕ್ಕಳಿಗೆಲ್ಲ ಬಾಗಿಲು ತೆರೆದಿಟ್ಟು, ಒಳಗೆ ಬಂದ ಮೇಲೆ ಗದರಿಸುವವರು. ಪಿಯಾನೊ ಕಲಿಸಿ ನಿವೃತ್ತರಾಗಿದ್ದ ಮಿಸ್ ಒಬ್ಬರೇ ಇದ್ದರು. ನನಗೂ ಗೆಳತಿ ಶಬಾನಾಗೂ ಆಗ ಹತ್ತು ವರ್ಷ.

ಮಿಸ್ ಹತ್ತಿರ ರಷ್ಯಾದ ಒಂದು ಸಿಂಫನಿಯ ರೆಕಾರ್ಡಿತ್ತು. ನೂರು ಜನ ಸೇರಿ ನುಡಿಸಿದ್ದು ಒಂದು ಮರದ ಪೆಟ್ಟಿಗೆಯಿಂದ ಬರುವುದೇ ನಮಗೆ ಸೋಜಿಗ. ಕಹಳೆಗಳು ಎದ್ದರೆ ಕಿಟಕಿಯ ಗಾಜು ನಡುಗುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಯಾದಗಿರಿಯ ಮಲ್ಲಮ್ಮ ಅಲ್ಲಿಂದಲೇ ಕೂಗುತ್ತಿದ್ದಳು: "ಯವ್ವಾ, ಮೈಮ್ಯಾಲ ದೇವ್ರು ಬಂದಂಗ ಬಾರಸ್ತಾರಲ್ರೀ!"

ಕೇಳುವುದಕ್ಕೆ ಮಿಸ್ ಇಟ್ಟ ನಿಯಮ ಒಂದಿತ್ತು. ಕೆಂಪು ನೆಲದ ಮೇಲೆ ಕೂತು ಎರಡೂ ಅಂಗೈ ನೆಲಕ್ಕೆ ಒತ್ತಬೇಕು. ನಗಾರಿ ಬಾರಿಸಿದ್ದು ಅಂಗೈಗೆ ತಿಳಿದೊಡನೆ ಬೆರಳೆತ್ತಬೇಕು. "ಸೂಜಿ ಎತ್ತೋವರೆಗೂ ಬಾಯಿ ಬಿಟ್ರೆ ಹೊರಗೆ ಹೋಗ್ಬೇಕು, ತಿಳೀತಾ?" ಬೆರಳು ಮೊದಲು ಎತ್ತಿದವರಿಗೆ ದಿಲ್‌ಪಸಂದಿನ ದೊಡ್ಡ ತುಂಡು. ರೆಕಾರ್ಡು ನನಗೆ ಪೂರ್ತಿ ಬಾಯಿಪಾಠವಾಗಿತ್ತು. ಯಾವಾಗಲೂ ನಾನೇ ಗೆಲ್ಲುತ್ತಿದ್ದೆ.

ಆ ವರ್ಷ ಪಕ್ಕದ ಮನೆ ಕೆಡವಿ, ಫ್ಲ್ಯಾಟು ಕಟ್ಟಲು ಮಿಸ್ ಮನೆಯ ಹಿತ್ತಲಿನ ಕಾಂಪೌಂಡ್ ಗೋಡೆಯ ಬುಡಕ್ಕೇ ಎರಡಾಳು ಆಳದ ಗುಂಡಿ ತೋಡಿದ್ದರು. ಗೋಡೆಯಲ್ಲಿ ಬಿರುಕು ಬಿಟ್ಟಾಗ ಮಿಸ್ ಹೋಗಿ ಹೇಳಿದರು. ಕಟ್ಟಡದವರು ಬಂದು ಸಿಮೆಂಟು ಮೆತ್ತಿ ಹೋದರು. ಅಲ್ಲಿನ ಮೂರನೇ ಮಹಡಿಯ ಫ್ಲ್ಯಾಟೊಂದನ್ನು ನಮ್ಮಪ್ಪ ಬುಕ್ ಮಾಡಿದ್ದರು.

ಆ ಶನಿವಾರ ಜೆಸಿಬಿ ಸದ್ದಿರಲಿಲ್ಲ. ಸಿಂಫನಿ ತನ್ನ ಅತ್ಯಂತ ಮೆತ್ತನೆಯ ಜಾಗಕ್ಕೆ ಬಂದಿತ್ತು. ಒಂದೇ ಒಂದು ಕೊಳಲು. ಹಿತ್ತಲಲ್ಲಿ ಮಲ್ಲಮ್ಮ ಬಟ್ಟೆ ಹಿಂಡುವುದೂ ಕೇಳುತ್ತಿತ್ತು. ಅಂಗೈಗೆ ನಡುಕ ಬಂತು. ಶಬಾನಾ ಬೆರಳೆತ್ತಿ, ಗೆದ್ದೆ ಅಂತ ನಕ್ಕಳು. ನಾನು ಅಲ್ಲ ಎಂದು ತಲೆಯಾಡಿಸಿದೆ. ನಗಾರಿಗೆ ಇನ್ನೂ ಬಹಳ ಹೊತ್ತಿತ್ತು. ಇದು ನಗಾರಿಯಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ, ಮತ್ತು ನಾನು ಬಾಯಿ ಬಿಡಲಿಲ್ಲ. ಆ ನಡುಕ ಹತ್ತು ಸೆಕೆಂಡು ಇದ್ದೀತು. ಎಷ್ಟೋ ಸಲ ಗಡಿಯಾರ ಹಿಡಿದು ನೋಡಿದ್ದೇನೆ: ಹತ್ತು ಸೆಕೆಂಡಿನಲ್ಲಿ ಒಗೆಯುವ ಕಲ್ಲು ಬಿಟ್ಟು ಅಡುಗೆಮನೆ ಬಾಗಿಲಿಗೆ ಓಡಿ ಬರಬಹುದು.

ಗೋಡೆ ಬಿತ್ತು. ಮನೆ ಕುಲುಕಿ, ಸೂಜಿ ಕರ್ರೆಂದು ರೆಕಾರ್ಡಿನ ಮೇಲೆ ಜಾರಿತು. ಹೊರಗೆ ಓಡಿದರೆ ಬರೀ ಧೂಳು, ಅದರೊಳಗೆ ಮಲ್ಲಮ್ಮನ ಚೀರಾಟ. ಅವಳ ಎಡಗಾಲು ಇಟ್ಟಿಗೆಗಳ ಕೆಳಗಿತ್ತು. ಬೀದಿ ಕೊನೆಯ ಚಹಾ ಅಂಗಡಿಯಿಂದ ಫ್ಲ್ಯಾಟಿನ ಕೆಲಸದ ಸೂಪರ್‌ವೈಸರ್ ಓಡಿಬಂದ. ಕೈಯಲ್ಲಿ ಇನ್ನೂ ಟೀ ಗ್ಲಾಸಿತ್ತು.

ಸಂಜೆ ಮಿಸ್ ಅಂಗಳದಲ್ಲಿ ಬೀದಿಯ ಗಂಡಸರೆಲ್ಲ ಸೇರಿದರು.

"ಮೂರು ಸಲ ಕೂಗಿದ್ವಿ ಸಾರ್, ಗೋಡೆ ಬೀಳುತ್ತೆ ಬನ್ನಿ ಅಂತ," ಎಂದ ಸೂಪರ್‌ವೈಸರ್. "ಆ ಬ್ಯಾಂಡ್ ಸೌಂಡಲ್ಲಿ ಯಾರಿಗೆ ಕೇಳುತ್ತೆ?"

"ಸುಳ್ಳು," ಎಂದೆ ನಾನು. "ಆಗ ಬರೀ ಕೊಳಲಿತ್ತು. ಕೂಗಿದ್ರೆ ಕೇಳ್ತಿತ್ತು. ಇವ್ರು ಟೀ ಕುಡೀತಿದ್ರು!"

"ಪಾಪು, ಆ ಪಾಟಿ ಡಮಡಮ ಬೀದಿಗೆಲ್ಲ ಕೇಳ್ತಿತ್ತಮ್ಮಾ," ಎಂದ. ಎಲ್ಲರೂ ನಕ್ಕರು. ಮಲ್ಲಮ್ಮ ಬೌರಿಂಗ್ ಆಸ್ಪತ್ರೆಯಲ್ಲಿರುವಾಗ ನಕ್ಕರು.

ಮಿಸ್ ಒಳಗೆ ಹೋಗಿ ರೆಕಾರ್ಡು ತಂದರು. "ನೋಡಿ, ಗೋಡೆ ಬಿದ್ದಾಗ ಸೂಜಿ ಎಲ್ಲಿತ್ತೋ ಅಲ್ಲೇ ಗೀರು ಬಿದ್ದಿದೆ. ಅದಕ್ಕೆ ಮುಂಚಿನ ಎರಡು ನಿಮಿಷ ಹಾಕ್ತೀನಿ. ಮೆತ್ತಗಿತ್ತೋ ಜೋರಿತ್ತೋ ನೀವೇ ಕೇಳಿ."

ನಮ್ಮಪ್ಪ ಹೇಳಿದರು: "ಬಿಡಿ ಮಿಸ್, ಈಗ್ಯಾಕೆ ಅದೆಲ್ಲ. ಆಗಿದ್ದು ಆಗೋಯ್ತು."

ಅಷ್ಟೇ. ಸಂಗೀತದ ಗದ್ದಲದಲ್ಲಿ ಎಚ್ಚರಿಕೆ ಕೇಳಿಸಲಿಲ್ಲ ಎಂದು ಎಲ್ಲರೂ ಒಪ್ಪಿ ಎದ್ದರು. ಆಮೇಲೆ ಮಿಸ್ ಮನೆಗೆ ನಮ್ಮನ್ನು ಕಳಿಸಲಿಲ್ಲ. ವರ್ಷದೊಳಗೆ ಅವರು ತಂಗಿಯ ಊರಿಗೆ ಹೊರಟುಹೋದರು. ಕಾಲು ಎಳೆಯುತ್ತ ಮಲ್ಲಮ್ಮ ಯಾದಗಿರಿ ಬಸ್ಸು ಹತ್ತಿದಳು. ಗುಂಡಿಯಿಂದ ಫ್ಲ್ಯಾಟು ಎದ್ದಿತು. ಕಾಲೇಜು ಮುಗಿಯುವವರೆಗೂ ನಾನು ಅದರಲ್ಲೇ ಮಲಗಿ ಎದ್ದೆ.

ಈಗ ಆ ಸಿಂಫನಿ ಫೋನಿನಲ್ಲೇ ಸಿಗುತ್ತದೆ. ಕೊಳಲು ಬಂದ ತಕ್ಷಣ ನನ್ನ ಅಂಗೈ ಬೆವರುತ್ತದೆ; ನಿಲ್ಲಿಸಿಬಿಡುತ್ತೇನೆ. ಅದರಾಚೆ ಕೇಳಿ ಇಪ್ಪತ್ತು ವರ್ಷವಾಯಿತು.

ಮೊನ್ನೆ ಅಪ್ಪನನ್ನು ಕೇಳಿಯೇಬಿಟ್ಟೆ. "ಎರಡು ನಿಮಿಷದ ವಿಷಯ. ಅವತ್ತು ಯಾಕಪ್ಪಾ ಹಾಕೋಕೆ ಬಿಡ್ಲಿಲ್ಲ?"

ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಹಾಕಿದ್ರೆ ಗೊತ್ತಾಗ್ಬಿಡ್ತಿತ್ತಲ್ಲಮ್ಮಾ."

ಮಿಸ್ ಮನೆ ಹೋಯಿತು, ಮಲ್ಲಮ್ಮನ ಕಾಲು ಹೋಯಿತು, ನಮ್ಮ ಶನಿವಾರಗಳು ಹೋದವು ಎಂದು ಬರೆದು ಇದನ್ನು ಮುಗಿಸಬೇಕೆಂದಿದ್ದೆ. ಆದರೆ ಇಷ್ಟು ವರ್ಷ ನಾನೊಂದು ನೆವ ಕಾಪಾಡಿಕೊಂಡು ಬಂದಿದ್ದೆ: ಅಪ್ಪನಿಗೆ ಪಾಪ ಸಂಗೀತ ತಿಳಿಯದು, ಅದಕ್ಕೇ ನನ್ನ ಮಾತು ಅರ್ಥವಾಗಲಿಲ್ಲ ಎಂದು. ಮೊನ್ನೆ ಅದೂ ಹೋಯಿತು.